26ನೇ ಬೀದಿಯ ಮೆಕ್ಸಿಕನ್ ಅಂಗಡಿ: ಊಟಕ್ಕೆ ಪೂರ್ತಿ ಅಂಕ, ಹಣದ ಕಿಟಕಿಗೆ ಅರ್ಧ

ಶಿಕಾಗೊ ನಗರದ ನೈಋತ್ಯ ಭಾಗದ ಲಿಟಲ್ ವಿಲೇಜ್ ಬಡಾವಣೆಯಲ್ಲಿ ಮೂರು ಕಸುಬುಗಳನ್ನು ಒಂದೇ ಸೂರಿನಡಿ ನಡೆಸುವ ಮೆಕ್ಸಿಕನ್ ಅಂಗಡಿಗಳು ಹಲವಿವೆ. ಹಿಂಭಾಗದಲ್ಲಿ ಊಟದ ಕೌಂಟರ್, ನಡುವೆ ದಿನಸಿ, ಮಾಂಸ ಮತ್ತು ತರಕಾರಿ, ಬಾಗಿಲ ಪಕ್ಕದಲ್ಲಿ ಊರಿಗೆ ಹಣ ಕಳಿಸುವ ಕಿಟಕಿ. ಅವುಗಳಲ್ಲಿ ನಾನು ಹೆಚ್ಚಾಗಿ ಹೋಗುವ ಒಂದು ಅಂಗಡಿಯ ವಿಮರ್ಶೆ ಇದು. ಅಂಗಡಿಯ ಹೆಸರನ್ನು ಬೇಕೆಂದೇ ಕೊಟ್ಟಿಲ್ಲ. 2025ರ ಸೆಪ್ಟೆಂಬರಿನಲ್ಲಿ ಫೆಡರಲ್ ವಲಸೆ ಅಧಿಕಾರಿಗಳು ಶಿಕಾಗೊದಲ್ಲಿ ದೊಡ್ಡ ಕಾರ್ಯಾಚರಣೆ ಆರಂಭಿಸಿದ ಮೇಲೆ, ಯಾವ ಅಂಗಡಿಯಲ್ಲಿ ಯಾರು ಯಾವ ಹೊತ್ತಿನಲ್ಲಿ ಸೇರುತ್ತಾರೆ ಎಂದು ಬರೆದು ಹರಡುವುದು ಅಲ್ಲಿನವರಿಗೆ ಉಪಕಾರವಲ್ಲ. ಆದರೂ ಇಲ್ಲಿ ಹೇಳುವ ಗುಣದೋಷಗಳು ಆ ಬೀದಿಯ ಇಂಥ ಬಹುತೇಕ ಅಂಗಡಿಗಳಿಗೆ ಹೊಂದುವುದರಿಂದ, ಹೋಗಬೇಕೆಂದಿರುವ ಓದುಗರಿಗೆ ಹೆಸರಿಲ್ಲದಿದ್ದರೂ ನಷ್ಟವಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಊಟದ ಕೌಂಟರಿಗಾಗಿ ನಗರದ ಇನ್ನೊಂದು ತುದಿಯಿಂದಲೂ ಬರಬಹುದು. ತರಕಾರಿಗಾಗಿ, ಮನೆ ಹತ್ತಿರವಿದ್ದರೆ, ವಾರವಾರ ಬರಬಹುದು. ಹಣದ ಕಿಟಕಿಯನ್ನು ಬೇರೆ ದಾರಿಯಿಲ್ಲದವರು ಮಾತ್ರ ಬಳಸಬೇಕು, ಮತ್ತು ಅದರ ಮುಂದೆ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಬೇರೆ ದಾರಿಯಿಲ್ಲ. ಈ ಮೂರೂ ಒಂದೆಡೆ ಸೇರಿರುವುದು ಆಕಸ್ಮಿಕವೂ ಅಲ್ಲ. ಸುಗ್ಗಿಗೆ ಬಂದು ದುಡಿದು, ಚಳಿಗಾಲಕ್ಕೆ ಊರಿಗೆ ಮರಳುವ ಒಂಟಿ ಗಂಡಸರನ್ನು ನೆಚ್ಚಿಕೊಂಡು ಇಂಥ ಅಂಗಡಿ ನಡೆಯುವುದಿಲ್ಲ. ಹೆಂಡತಿ ಮಕ್ಕಳೊಂದಿಗೆ ಇಲ್ಲೇ ನೆಲೆನಿಂತು, ಮನಸ್ಸು ಬಂದಾಗ ಊರಿಗೆ ಹೋಗಿಬರಲಾಗದ ಕುಟುಂಬಗಳೇ ಇದರ ಗಿರಾಕಿಗಳು. ಅವರನ್ನು ಹಾಗೆ ನೆಲೆನಿಲ್ಲಿಸಿದ್ದರಲ್ಲಿ ಗಡಿಯ ಬೇಲಿಗೇ ದೊಡ್ಡ ಪಾಲಿದೆ ಎಂಬುದು ನನ್ನ ಅಭಿಪ್ರಾಯ. ಅದರ ವಿವರ ಮುಂದಿದೆ. ಮೊದಲು ಊಟ.

ಶನಿವಾರ ಮತ್ತು ಭಾನುವಾರ ಮಾತ್ರ ಸಿಗುವ ಕಾರ್ನಿಟಾಸ್ ಇಲ್ಲಿನ ಹೆಗ್ಗಳಿಕೆ. ಇದು ಮೆಕ್ಸಿಕೊದ ಪಶ್ಚಿಮ ಭಾಗದ ಮಿಚೊವಾಕಾನ್ ರಾಜ್ಯದವರ ಅಡುಗೆ. ಶಿಕಾಗೊಗೆ ಬಂದ ಮೆಕ್ಸಿಕನ್ನರಲ್ಲಿ ಆ ರಾಜ್ಯದವರು ಬಹಳ. ತಾಮ್ರದ ದೊಡ್ಡ ಕೊಪ್ಪರಿಗೆಯಲ್ಲಿ ಹಂದಿಯ ಕೊಬ್ಬನ್ನು ಕರಗಿಸಿ, ಭುಜ, ಪಕ್ಕೆಲುಬು, ಚರ್ಮ, ಜಠರ ಇವುಗಳನ್ನು ಬೇಯುವ ಹೊತ್ತಿಗೆ ತಕ್ಕಂತೆ ಒಂದಾದ ಮೇಲೊಂದರಂತೆ ಅದೇ ಕೊಬ್ಬಿಗೆ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಕೊನೆಗೆ ಉರಿ ಏರಿಸಿ ಹೊರಮೈಯನ್ನು ಕೆಂಪಗೆ ಮಾಡುತ್ತಾರೆ. ಮಾರುವುದು ಪೌಂಡಿನ ಲೆಕ್ಕದಲ್ಲಿ. ಬರಿಯ ಮಾಂಸ ಬೇಕಾದರೆ ‘ಮಾಸೀಸಾ’ ಎನ್ನಬೇಕು, ಚರ್ಮ ಬೇಕಾದರೆ ‘ಕ್ವೆರಿಟೊ’, ಎಲ್ಲವೂ ಸ್ವಲ್ಪ ಸ್ವಲ್ಪ ಬೇಕಾದರೆ ‘ಸುರ್ತೀದಾ’. ಮೊದಲ ಸಲ ಹೋಗುವವರು ಮೂರನೆಯದನ್ನು ಕೇಳುವುದು ಲೇಸು. ಬರಿಯ ಮಾಂಸ ತೆಗೆದುಕೊಂಡವರಿಗೆ ಮೆತ್ತಗಿನ ಚರ್ಮವೂ ಗರಿಗರಿಯಾದ ಅಂಚೂ ಬಾಯಲ್ಲಿ ಬೆರೆಯುವ ಸುಖ ತಪ್ಪಿಹೋಗುತ್ತದೆ. ಕೌಂಟರಿನ ಹಿಂದೆ ಕತ್ತಿ ಹಿಡಿದು ನಿಂತವರು ತೂಗುವ ಮೊದಲು ಒಂದು ಚೂರನ್ನು ಟೋರ್ಟಿಯಾ ಎಂಬ ಮೆಕ್ಕೆಜೋಳದ ರೊಟ್ಟಿಯ ತುಂಡಿನ ಮೇಲಿಟ್ಟು ಗಾಜಿನ ಮೇಲಿಂದ ಚಾಚುತ್ತಾರೆ. ಗಿರಾಕಿ ಅದನ್ನು ತಿಂದು ತಲೆಯಾಡಿಸಿದ ಮೇಲೆಯೇ ತಕ್ಕಡಿಗೆ ಮಾಂಸ ಬೀಳುವುದು. ಸಾಲು ಬಾಗಿಲವರೆಗೆ ಬೆಳೆದಿದ್ದರೂ ಈ ಪದ್ಧತಿಯನ್ನು ಬಿಟ್ಟಿದ್ದನ್ನು ನಾನು ನೋಡಿಲ್ಲ.

ಜೊತೆಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆಹೋಳು, ಉಪ್ಪಿನಲ್ಲಿಟ್ಟ ಹಸಿಮೆಣಸಿನಕಾಯಿ, ಸಾಲ್ಸಾ ಎಂಬ ಎರಡು ಬಗೆಯ ಚಟ್ನಿ ಕೊಡುತ್ತಾರೆ. ಕೆಂಪು ಸಾಲ್ಸಾಕ್ಕೆ ಬಳಸುವ ಗ್ವಾಹೀಯೊ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ಹಾಗೆ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಮನೆಯಲ್ಲಿ ಬ್ಯಾಡಗಿ ಮುಗಿದಾಗ ಸಾರಿನಪುಡಿಗೆ ಇದನ್ನೇ ಹುರಿದು ಹಾಕಿದರೆ ನಡೆಯುತ್ತದೆ. ದೂರು ಇರುವುದು ಹಸಿರು ಸಾಲ್ಸಾದ ಬಗ್ಗೆ. ಒಂದು ವಾರ ಹುಳಿ ಮುಂದಾಗಿದ್ದರೆ ಇನ್ನೊಂದು ವಾರ ನೀರಾಗಿರುತ್ತದೆ. ಈ ಕೌಂಟರಿನ ಉಳಿದ ಶಿಸ್ತಿಗೆ ಅದು ಸರಿಹೊಂದುವುದಿಲ್ಲ. ಕೂತು ತಿನ್ನಲು ಇರುವ ಮೇಜುಗಳೂ ತೀರ ಕಡಿಮೆ, ಭಾನುವಾರ ಚರ್ಚ್ ಮುಗಿದ ಮೇಲೆ ಒಂದೂ ಖಾಲಿ ಇರುವುದಿಲ್ಲ. ವಾರದ ದಿನಗಳಲ್ಲಿ ಸಿಗುವ ಟಾಕೊಗಳು, ಅಂದರೆ ಮಾಂಸ ಅಥವಾ ಪಲ್ಯ ಇಟ್ಟು ಮಡಿಸಿದ ಟೋರ್ಟಿಯಾಗಳು, ಚೆನ್ನಾಗಿವೆ, ಆದರೆ ಅಷ್ಟೇ ಚೆನ್ನಾದವು ಬೇರೆಡೆಯೂ ಸಿಗುತ್ತವೆ.

ಟೋರ್ಟಿಯಾವನ್ನು ಈ ಅಂಗಡಿಯಲ್ಲಿ ಮಾಡುವುದಿಲ್ಲ. ಬಡಾವಣೆಯ ಕಾರ್ಖಾನೆಯಿಂದ ಬೆಳಗ್ಗೆ ಕಾಗದದ ಪೊಟ್ಟಣಗಳಲ್ಲಿ ಬರುತ್ತವೆ. ಬೇಗ ಹೋದರೆ ಒಳಗಿನ ಹಬೆಗೆ ಕಾಗದ ತೇವವಾಗಿರುವುದು ಕೈಗೆ ತಿಳಿಯುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ಅರೆಯುವ ಹಳೆಯ ವಿಧಾನವೇ ಇದರ ರುಚಿಗೂ ಪೌಷ್ಟಿಕತೆಗೂ ಆಧಾರ. ಜೋಳ ಮಾತ್ರ ಮೆಕ್ಸಿಕೊದ್ದಲ್ಲ, ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲೇ ಬೆಳೆದ ಬಿಳಿ ಮೆಕ್ಕೆಜೋಳ. 1994ರ ಜನವರಿಯಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದು, ಜೋಳದ ಮೇಲಿನ ಸುಂಕ ಹಂತಹಂತವಾಗಿ ಇಳಿದು, 2008ರಲ್ಲಿ ಪೂರ್ತಿ ಹೋಯಿತು. ಸರ್ಕಾರದ ಸಹಾಯಧನ ಪಡೆದ ಇಲ್ಲಿನ ವಿಶಾಲ ಹೊಲಗಳ ಜೋಳ ಅಲ್ಲಿಗೆ ಹರಿದುಹೋಯಿತು. ಅದರ ಬಹುಪಾಲು ಪಶುಗಳ ಮೇವಿಗೆ ಹೋಗುವ ಹಳದಿ ಜೋಳವಾದರೂ, ನಾಲ್ಕಾರು ಎಕರೆಯ ಮಳೆಯಾಶ್ರಿತ ಹೊಲವನ್ನು ನಂಬಿದ್ದ ರೈತನಿಗೆ ಬೆಲೆಯ ಆಸರೆ ಕಳಚಿತು. 1994ರ ಡಿಸೆಂಬರಿನಲ್ಲಿ ಪೆಸೊ ನಾಣ್ಯವೂ ಕುಸಿದಿತ್ತು. ಹೊಲ ಬಿಟ್ಟು ಉತ್ತರಕ್ಕೆ ನಡೆದವನು ಜೋಳ ಬೆಳೆಯುವ ಇಲಿನಾಯ್ ರಾಜ್ಯಕ್ಕೇ ಬಂದು, ಇಲ್ಲಿನ ಜೋಳದ ಟೋರ್ಟಿಯಾ ತಿನ್ನುವಂತಾಯಿತು. ಆ ಒಪ್ಪಂದ ವಲಸೆಯನ್ನು ತಗ್ಗಿಸುತ್ತದೆಂದು ಎರಡೂ ಕಡೆಯ ಆಳುವವರು ಆಗ ಸಾರಿದ್ದರು.

ಈ ಓಡಾಟ 1994ರಲ್ಲಿ ಶುರುವಾದದ್ದೇನೂ ಅಲ್ಲ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಮೊದಲಾದ ವಿಶಾಲ ಪ್ರದೇಶಗಳು ಅಮೆರಿಕಕ್ಕೆ ಸೇರಿದಾಗ ಅಲ್ಲಿದ್ದ ಮೆಕ್ಸಿಕನ್ನರು ಕಾಲು ಕದಲಿಸದೆಯೇ ಇನ್ನೊಂದು ದೇಶದವರಾದರು. 1910ರ ಕ್ರಾಂತಿಯ ಕಾಲದಲ್ಲಿ ಪ್ರಾಣಭಯದಿಂದ ಬಂದವರು ಬೇರೆ. ಶಿಕಾಗೊಗೆ ಅವರನ್ನು ಎಳೆದದ್ದು ರೈಲುಹಳಿ, ಉಕ್ಕಿನ ಕಾರ್ಖಾನೆ ಮತ್ತು ಕಸಾಯಿಖಾನೆಗಳ ಕೆಲಸ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನರನ್ನು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ರೈಲು ಹತ್ತಿಸಿ ಕಳಿಸಿದ ದೇಶವೇ 1942ರಲ್ಲಿ ಯುದ್ಧಕಾಲದ ಕೂಲಿ ಸಾಲದೆಂದು ಬ್ರಸೆರೊ ಎಂಬ ಕರಾರು ಕೂಲಿಯ ಯೋಜನೆಯಡಿ ಅವರನ್ನು ಮತ್ತೆ ಕರೆಸಿಕೊಂಡಿತು. 1964ರಲ್ಲಿ ಅದು ನಿಲ್ಲುವ ವೇಳೆಗೆ ಸುಮಾರು 46 ಲಕ್ಷ ಕರಾರುಗಳು ಆಗಿದ್ದವು. ಯೋಜನೆ ನಿಂತಿತು, 1965ರ ವಲಸೆ ಕಾನೂನು ಅಮೆರಿಕ ಖಂಡಗಳಿಂದ ಬರುವವರಿಗೂ ಮೊದಲ ಬಾರಿಗೆ ಮಿತಿ ಹಾಕಿತು, 1976ರಲ್ಲಿ ಮೆಕ್ಸಿಕೊಗೂ ಇತರ ದೇಶಗಳಂತೆ ವರ್ಷಕ್ಕೆ 20,000ದ ಮಿತಿ ಬಂತು. ಹೊಲದ ಕೆಲಸ ಮಾತ್ರ ನಿಲ್ಲಲಿಲ್ಲ. ಆದ್ದರಿಂದ ಅದೇ ಊರುಗಳ ಜನ ಅದೇ ಹೊಲಗಳಿಗೆ ಈಗ ಕಾನೂನಿನ ಕಾಗದವಿಲ್ಲದೆ ಬಂದರು, ಮತ್ತು ಹಿಂದಿನಂತೆಯೇ ಕೆಲಸ ಮುಗಿದ ಮೇಲೆ ಹೊರಟುಹೋದರು.

ಈ ಹೋಗಿಬರುವ ಚಕ್ರ ಮುರಿದದ್ದು 1990ರ ದಶಕದಲ್ಲಿ. 1986ರ ಕಾನೂನಿನಡಿ ಸುಮಾರು 27 ಲಕ್ಷ ಜನರಿಗೆ, ಬಹುಪಾಲು ಮೆಕ್ಸಿಕನ್ನರಿಗೆ, ಕಾಗದ ಸಿಕ್ಕಿತ್ತು. ಆಮೇಲೆ 1993ರಲ್ಲಿ ಎಲ್ ಪಾಸೊ ಬಳಿ, 1994ರಲ್ಲಿ ಸ್ಯಾನ್ ಡಿಯಾಗೊ ಬಳಿ ಗಡಿ ಕಾವಲನ್ನು ಬಿಗಿಗೊಳಿಸಿದರು. ಊರುಗಳ ನಡುವೆ ಗಡಿ ದಾಟುತ್ತಿದ್ದವರು ಅರಿಜೋನಾದ ಮರುಭೂಮಿಯತ್ತ ತಿರುಗಿದರು. ದಾಟಿಸುವ ದಲ್ಲಾಳಿಯ ದರ ಏರಿತು, ಬಾಯಾರಿ ಸತ್ತವರ ಸಂಖ್ಯೆಯೂ ಏರಿತು. ಒಮ್ಮೆ ದಾಟಿದವನು ಆ ಗಂಡಾಂತರವನ್ನು ಪ್ರತಿವರ್ಷ ಎದುರಿಸಲು ಸಿದ್ಧನಿರಲಿಲ್ಲ. ಅವನು ಇಲ್ಲೇ ಉಳಿದ, ಹೆಂಡತಿ ಮಕ್ಕಳನ್ನು ಕರೆಸಿಕೊಂಡ. 1982ರಿಂದ ಮೆಕ್ಸಿಕೊದ ಹಳ್ಳಿಹಳ್ಳಿಗಳಲ್ಲಿ ವಲಸೆಯ ಲೆಕ್ಕ ಬರೆದಿಡುತ್ತ ಬಂದ ಸಂಶೋಧಕರಾದ ಡಗ್ಲಾಸ್ ಮ್ಯಾಸಿ ಮತ್ತು ಹೋರ್ಹೆ ದುರಾಂದ್ ಅವರ ವಾದವೂ ಇದೇ: ಬಿಗಿಯಾದ ಕಾವಲು ಬರುವವರನ್ನು ತಡೆದದ್ದಕ್ಕಿಂತ ಹೆಚ್ಚಾಗಿ ಹೋಗುವವರನ್ನು ತಡೆಯಿತು. 1970ರಲ್ಲಿ ಅಮೆರಿಕದಲ್ಲಿದ್ದ ಮೆಕ್ಸಿಕೊ ಸಂಜಾತರು 10 ಲಕ್ಷಕ್ಕೂ ಕಡಿಮೆ. 2007ರ ಹೊತ್ತಿಗೆ ಅವರು 1 ಕೋಟಿ 20 ಲಕ್ಷದ ಆಸುಪಾಸಿನಲ್ಲಿದ್ದರು. 2008ರ ಹಿಂಜರಿತದ ಬಳಿಕ ಬಂದವರಿಗಿಂತ ಮರಳಿದವರೇ ಹೆಚ್ಚಾದ ವರ್ಷಗಳೂ ಇವೆ.

26ನೇ ಬೀದಿಯ ಭಾಗ್ಯ ತಿರುಗಿದ್ದು ಈ ನೆಲೆನಿಂತ ಕುಟುಂಬಗಳಿಂದ. ಒಂದು ಕಾಲಕ್ಕೆ ಇದು ಬೊಹಿಮಿಯಾದಿಂದ ಬಂದ ಚೆಕ್ ಜನರ ಬಡಾವಣೆಯಾಗಿತ್ತು. ಅವರ ಮಕ್ಕಳು ಹೊರವಲಯಕ್ಕೆ ಹೋದ ಮೇಲೆ ಖಾಲಿಯಾಗುತ್ತಿದ್ದ ಮನೆ, ಮಳಿಗೆಗಳನ್ನು ಮೆಕ್ಸಿಕನ್ನರು ತುಂಬಿದರು. ಈಗ ಮಿಷಿಗನ್ ಅವೆನ್ಯೂವಿನ ದುಬಾರಿ ಅಂಗಡಿಸಾಲನ್ನು ಬಿಟ್ಟರೆ ನಗರದಲ್ಲಿ ಅತಿ ಹೆಚ್ಚು ವಹಿವಾಟು ನಡೆಯುವ ಬೀದಿ ಎಂಬ ಹೆಸರು ಇದಕ್ಕಿದೆ. ಬೀದಿಯ ಬಾಯಲ್ಲಿರುವ ಕಮಾನನ್ನು 2022ರಲ್ಲಿ ನಗರಾಡಳಿತ ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಮೆಕ್ಸಿಕನ್ನರು ನಗರಕ್ಕೆ ಹೊರೆ ಎನ್ನುವವರು ಈ ಬೀದಿಯಿಂದ ನಗರದ ಬೊಕ್ಕಸಕ್ಕೆ ಹೋಗುವ ಮಾರಾಟ ತೆರಿಗೆಯನ್ನೂ ಒಮ್ಮೆ ಲೆಕ್ಕ ಹಾಕಬೇಕು.

ತರಕಾರಿ ವಿಭಾಗಕ್ಕೆ ಬರೋಣ. ಬೆಳಗಿನ ಹೊತ್ತು ಇಲ್ಲಿ ಒಬ್ಬ ಹಿರಿಯ ಮಹಿಳೆ ಪಾಪಸುಕಳ್ಳಿಯ ದಪ್ಪ ಎಲೆಗಳನ್ನು ಮಡಿಲ ಹಲಗೆಯ ಮೇಲಿಟ್ಟುಕೊಂಡು, ಬಾಗಿದ ಚಾಕುವಿನಿಂದ ಮುಳ್ಳಿನ ಕಣ್ಣುಗಳನ್ನಷ್ಟೇ ಚಿವುಟಿದಂತೆ ಕೆರೆದು, ಹಸಿರು ಸಿಪ್ಪೆ ಹೋಗದಂತೆ ಶುಚಿ ಮಾಡುತ್ತಿರುತ್ತಾರೆ. ಅದನ್ನು ಹೆಚ್ಚಿಸಿಕೊಂಡು ತಂದರೆ ಪಲ್ಯ ಮಾಡುವುದು ಸುಲಭ. ಬೆಂಡೆಯ ಲೋಳೆ ಇಷ್ಟಪಡದವರು ಮಾತ್ರ ದೂರವಿರಿ. ಒಣಗಿದ ಕೆಂಪು ಪುಂಡಿ ಹೂವಿನ ಪುಷ್ಪಪಾತ್ರೆಗಳು ‘ಹಮೈಕಾ’ ಎಂಬ ಹೆಸರಿನಲ್ಲಿ ತೂಕಕ್ಕೆ ಸಿಗುತ್ತವೆ, ಅವುಗಳ ಪಾನಕ ಬೇಸಿಗೆಗೆ ಬಹಳ ಒಳ್ಳೆಯದು. ಹುಣಸೆ, ಕೊತ್ತಂಬರಿ, ಪರಂಗಿ, ಕಬ್ಬಿನ ಬೆಲ್ಲ ಎಲ್ಲವೂ ಭಾರತೀಯ ಅಂಗಡಿಗಳಿಗಿಂತ ಅಗ್ಗ. ಬೆಣ್ಣೆಹಣ್ಣು ಮಿಚೊವಾಕಾನ್‌ನಿಂದಲೇ ಬಂದದ್ದು. 1914ರಿಂದ ಅಮೆರಿಕ ಕೀಟದ ಭಯದಿಂದ ಮೆಕ್ಸಿಕೊದ ಬೆಣ್ಣೆಹಣ್ಣನ್ನು ನಿಷೇಧಿಸಿತ್ತು. 1997ರಲ್ಲಿ ಮಿಚೊವಾಕಾನ್‌ನ ಹಣ್ಣಿಗೆ ಈಶಾನ್ಯದ ಕೆಲವು ರಾಜ್ಯಗಳಲ್ಲಿ, ಚಳಿಗಾಲಕ್ಕೆ ಮಾತ್ರ, ಪ್ರವೇಶ ಸಿಕ್ಕಿತು. 2007ರ ವೇಳೆಗೆ ಇಡೀ ದೇಶ ತೆರೆಯಿತು. ಆ ತೋಟಗಳ ಸುತ್ತಲಿನ ಜನರಿಗೆ ಗಡಿ ಮುಚ್ಚುತ್ತಿದ್ದ ವರ್ಷಗಳೂ ಇವೇ.

ಟೊಮೆಟೊ ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿದರೆ ಮಾತ್ರ ಆಶ್ಚರ್ಯವಾಗುತ್ತದೆ. ಹಲವು ಪೆಟ್ಟಿಗೆಗಳು ದಕ್ಷಿಣದಿಂದ ಬಂದಿಲ್ಲ, ಕೆನಡಾದ ಒಂಟಾರಿಯೊ ಪ್ರಾಂತದ ಲೆಮಿಂಗ್ಟನ್ ಊರಿನ ಗಾಜುಮನೆಗಳಿಂದ ಬಂದಿವೆ. ಅಲ್ಲಿ ಅವನ್ನು ಕೊಯ್ದವರಲ್ಲಿಯೂ ಮೆಕ್ಸಿಕನ್ನರು ಬಹಳ. ಕೆನಡಾದ ಋತುಕಾಲಿಕ ಕೃಷಿ ಕಾರ್ಮಿಕರ ಯೋಜನೆ 1966ರಲ್ಲಿ ಜಮೈಕಾದವರೊಂದಿಗೆ ಆರಂಭವಾಗಿ, 1974ರಲ್ಲಿ ಮೆಕ್ಸಿಕೊವನ್ನೂ ಸೇರಿಸಿಕೊಂಡಿತು. ಈಚಿನ ವರ್ಷಗಳಲ್ಲಿ 20,000ಕ್ಕೂ ಹೆಚ್ಚು ಮೆಕ್ಸಿಕನ್ನರು ಇದರಡಿ ಹೋಗುತ್ತಾರೆ. ಎಂಟು ತಿಂಗಳು ಮೀರುವಂತಿಲ್ಲ, ಡಿಸೆಂಬರ್ 15ರೊಳಗೆ ಊರಿಗೆ ಮರಳಲೇಬೇಕು, ಕುಟುಂಬವನ್ನು ಕರೆತರುವಂತಿಲ್ಲ, ಕರಾರು ಒಬ್ಬನೇ ಮಾಲೀಕನಿಗೆ ಗಂಟುಬಿದ್ದಿರುತ್ತದೆ. ಅಮೆರಿಕ ಬೇಲಿ ಹಾಕಿ ಮುರಿದ ಚಕ್ರವನ್ನು ಕೆನಡಾ ಕಾಗದದ ಮೂಲಕ ಉಳಿಸಿಕೊಂಡಿದೆ. ಜೀವಾಪಾಯ ಕಡಿಮೆ ಎಂಬ ಕಾರಣಕ್ಕೆ ಇದನ್ನು ಮೆಚ್ಚುವವರಿದ್ದಾರೆ. ಇಪ್ಪತ್ತು ವರ್ಷ ಒಂದೇ ಹೊಲದಲ್ಲಿ ದುಡಿದವನಿಗೂ ಅಲ್ಲಿ ನೆಲೆಸುವ ಹಕ್ಕು ತಾನಾಗಿ ಬರುವುದಿಲ್ಲವೆಂಬ ಕಾರಣಕ್ಕೆ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ ದಾರಿ ಮುಚ್ಚಿದಷ್ಟೂ ಒತ್ತಡ ಇನ್ನೂ ಉತ್ತರಕ್ಕೆ ಸರಿಯುತ್ತದೆ. ಆಶ್ರಯ ಕೋರುವವರು ಹೆಚ್ಚಾದರೆಂದು ಕೆನಡಾ 2009ರಲ್ಲಿ ಮೆಕ್ಸಿಕನ್ನರಿಗೆ ವೀಸಾ ಕಡ್ಡಾಯ ಮಾಡಿತು, 2016ರ ಡಿಸೆಂಬರಿನಲ್ಲಿ ತೆಗೆಯಿತು, 2024ರ ಫೆಬ್ರವರಿ 29ರಂದು ಹೆಚ್ಚಿನವರಿಗೆ ಮತ್ತೆ ಹೇರಿತು.

ಮೆಕ್ಸಿಕೊದ ದಕ್ಷಿಣದ ನೆರೆ ದೇಶದ ಮೇಲಿನ ಪರಿಣಾಮ ಅಡುಗೆಮನೆಯಲ್ಲೇ ಕಾಣುತ್ತದೆ. ಪಾತ್ರೆ ತೊಳೆಯುವ, ಈರುಳ್ಳಿ ಹೆಚ್ಚುವ ಕೆಲಸದಲ್ಲಿ ಈಗ ಗ್ವಾಟೆಮಾಲಾದ ಹುಡುಗರಿದ್ದಾರೆ. ಮೆಕ್ಸಿಕನ್ನರ ಎರಡನೆಯ ತಲೆಮಾರು ಗಲ್ಲಾಪೆಟ್ಟಿಗೆಗೆ, ಕಾಲೇಜಿಗೆ ಏರಿದೆ. ಮೆಕ್ಸಿಕೊದ ಒಳಗೂ ಇದೇ ನಡೆದಿದೆ: ಚಿಯಾಪಾಸ್‌ನ ಕಾಫಿ ತೋಟಗಳ ಕೊಯ್ಲು ಬಹುಕಾಲದಿಂದ ಗಡಿಯಾಚೆಯಿಂದ ಬರುವ ಗ್ವಾಟೆಮಾಲಾದವರ ಕೈಯಲ್ಲಿದೆ. ತನ್ನ ಜನ ಉತ್ತರಕ್ಕೆ ಹೋಗುವುದನ್ನು ಹಕ್ಕೆಂದು ವಾದಿಸುವ ಮೆಕ್ಸಿಕೊ, ದಕ್ಷಿಣದಿಂದ ಬರುವವರಿಗೆ 2014ರಿಂದ ತಾನೇ ಕಾವಲುಗಾರನಾಗಿದೆ. 2019ರಲ್ಲಿ ಅಮೆರಿಕ ಸುಂಕದ ಬೆದರಿಕೆ ಒಡ್ಡಿದಾಗ ಹೊಸದಾಗಿ ಕಟ್ಟಿದ ರಾಷ್ಟ್ರೀಯ ಗಾರ್ಡ್ ಪಡೆಯನ್ನೇ ಆ ಗಡಿಗೆ ಕಳಿಸಿತು. ಈ ವಿಷಯದಲ್ಲಿ ಅದರ ಮಾತಿಗೂ ಕೃತಿಗೂ ತಾಳೆಯಿಲ್ಲ.

ಹಣದ ಕಿಟಕಿಯ ಬಗ್ಗೆ ನನ್ನ ಅಸಮಾಧಾನ ಸ್ವಲ್ಪ ಜಾಸ್ತಿಯೇ. ಶುಲ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಅದು ನಿಜಕ್ಕೂ ಕಡಿಮೆ. ಆದರೆ ಡಾಲರಿಗೆ ಎಷ್ಟು ಪೆಸೊ ಎಂಬ ದರ ಮೂಲೆಯ ಸಣ್ಣ ಪರದೆಯಲ್ಲಿದೆ. ಕಂಪನಿ ತನ್ನ ಲಾಭವನ್ನು ತೆಗೆಯುವುದು ಶುಲ್ಕದಲ್ಲಲ್ಲ, ಆ ದರದಲ್ಲಿ. ಮಾರುಕಟ್ಟೆಯ ದರವನ್ನು ಫೋನಿನಲ್ಲಿ ನೋಡಿಕೊಂಡು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸಾಲಿನಲ್ಲಿರುವವರು ಕಳಿಸುವ ಮೊತ್ತ ಸಣ್ಣದು. ಮೆಕ್ಸಿಕೊಗೆ ಹೋಗುವ ಒಂದೊಂದು ರವಾನೆಯ ಸರಾಸರಿ 400 ಡಾಲರಿಗೂ ಸ್ವಲ್ಪ ಕಡಿಮೆ. ಆದರೆ ಹನಿಗೂಡಿ 2024ರಲ್ಲಿ ಅದು 6,400 ಕೋಟಿ ಡಾಲರನ್ನು ಮೀರಿತ್ತು, ಭಾರತವನ್ನು ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು. ಮಿಚೊವಾಕಾನ್‌ನಂಥ ರಾಜ್ಯದಲ್ಲಿ ಮನೆ, ಔಷಧಿ, ಶಾಲೆಯ ಶುಲ್ಕ ಎಲ್ಲವೂ ಈ ಹಣದ ಮೇಲೆ ನಿಂತಿದೆ. 2025ರಲ್ಲಿ ಇದು ಇಳಿಯಿತು, ಕಾರಣ ಹುಡುಕಲು ಬೀದಿಯಿಂದ ಆಚೆ ಹೋಗಬೇಕಿಲ್ಲ.

2026ರ ಜನವರಿ 1ರಿಂದ ನಗದು ಕೊಟ್ಟು ಹೊರದೇಶಕ್ಕೆ ಕಳಿಸುವ ಹಣದ ಮೇಲೆ ಅಮೆರಿಕ ಶೇ 1 ತೆರಿಗೆ ಹಾಕಿದೆ. ಮೊದಲ ಕರಡಿನಲ್ಲಿ ಶೇ 5 ಎಂದಿದ್ದಾಗ ಇಲ್ಲಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಗಾಬರಿ ಎದ್ದಿತ್ತು. ಅಂತಿಮ ಕಾನೂನಿನಲ್ಲಿ ಬ್ಯಾಂಕ್ ಖಾತೆ ಅಥವಾ ಅಮೆರಿಕದ ಕಾರ್ಡಿನ ಮೂಲಕ ಕಳಿಸುವುದಕ್ಕೆ ವಿನಾಯಿತಿ ಸಿಕ್ಕಿದ್ದರಿಂದ ನಮ್ಮವರಲ್ಲಿ ಹೆಚ್ಚಿನವರಿಗೆ ಅದು ತಟ್ಟುವುದಿಲ್ಲ. ತಟ್ಟುವುದು ಖಾತೆಯಿಲ್ಲದೆ ವಾರದ ಕೂಲಿಯನ್ನು ಜೇಬಿನಲ್ಲಿಟ್ಟುಕೊಂಡು ಈ ಕಿಟಕಿಗೆ ಬರುವವರಿಗೆ. ಮೆಕ್ಸಿಕೊದ ದೂತಾವಾಸ ಕೊಡುವ ಗುರುತಿನ ಚೀಟಿಯನ್ನು ಒಪ್ಪಿ ಖಾತೆ ತೆರೆಯುವ ಬ್ಯಾಂಕುಗಳಿವೆ. ಆ ಮಾಹಿತಿಯ ಒಂದು ಹಾಳೆಯನ್ನು ಕಿಟಕಿಯ ಪಕ್ಕ ಅಂಟಿಸಿದ್ದರೆ ನಾನು ಇನ್ನರ್ಧ ಅಂಕವನ್ನೂ ಕೊಡುತ್ತಿದ್ದೆ, ಆದರೆ ತನ್ನ ಗಿರಾಕಿಯನ್ನು ತಾನೇ ಬೇರೆಡೆಗೆ ಕಳಿಸುವ ಕಂಪನಿ ಎಲ್ಲೂ ಇಲ್ಲ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು ಕೆಲವಿವೆ. ಅರೆದ ಬೀನ್ಸ್ ಕಾಳಿಗೆ ಇಲ್ಲಿ ಹಂದಿಯ ಕೊಬ್ಬು ಹಾಕುತ್ತಾರೆ, ಕೆಂಪು ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ, ಸೊಪ್ಪು ತುಂಬಿದ ತಮಾಲೆ ಎಂಬ ಮೆಕ್ಕೆಜೋಳದ ಕಡುಬಿನ ಹಿಟ್ಟಿನಲ್ಲೂ ಕೊಬ್ಬಿರುತ್ತದೆ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕುಂಬಳದ ಹೂವು ಮತ್ತು ಚೀಸ್ ತುಂಬಿದ ಕೆಸಾಡಿಯಾ, ಪಾಪಸುಕಳ್ಳಿಯ ಟಾಕೊ ಇವೆರಡನ್ನು ಬೇರೆ ಕಾವಲಿಯಲ್ಲಿ ಮಾಡಿಕೊಡಲು ಕೇಳಬಹುದು. ಶನಿವಾರದ ನೂಕುನುಗ್ಗಲಿನಲ್ಲಿ ಹಾಗೆ ಕೇಳುವುದು ನ್ಯಾಯವಲ್ಲ, ವಾರದ ದಿನ ಹೋಗಿ.

2025ರ ಶರತ್ಕಾಲದಲ್ಲಿ ಈ ಬೀದಿ ಕಂಡ ಸ್ಥಿತಿಯನ್ನು ಹೇಳದೆ ಈಗಿನ ಸೇವೆಯನ್ನು ಅಳೆಯಲಾಗದು. ವಲಸೆ ಅಧಿಕಾರಿಗಳ ವಾಹನ ಕಂಡರೆ ಊದಲೆಂದು ಜನ ಕೊರಳಿಗೆ ಸೀಟಿ ಹಾಕಿಕೊಂಡು ಓಡಾಡಿದರು. ಬೀದಿಬದಿಯ ತಮಾಲೆ ಗಾಡಿಗಳು ಕಣ್ಮರೆಯಾದವು. ಅಂಗಡಿಗಳಿಗೆ ಗಿರಾಕಿಗಳೂ ಕೆಲಸಗಾರರೂ ಒಟ್ಟಿಗೆ ಕಡಿಮೆಯಾದರು. ಕಾಗದಪತ್ರ ಸರಿಯಿದ್ದವರೂ, ಇಲ್ಲೇ ಹುಟ್ಟಿದವರೂ ಮನೆಬಿಟ್ಟು ಹೊರಬರಲು ಹಿಂಜರಿದರು. ನಮ್ಮ ಅಂಗಡಿ ಆಗ ಬಾಗಿಲಿಗೆ ಚಿಲಕ ಹಾಕಿಕೊಂಡು, ಬಂದವರ ಮುಖ ನೋಡಿ ತೆರೆಯುತ್ತಿತ್ತು. ಕಾರ್ನಿಟಾಸ್‌ನ ಕೊಪ್ಪರಿಗೆ ಎರಡಿದ್ದದ್ದು ಒಂದಾಯಿತು, ಮುಚ್ಚುವ ಹೊತ್ತು ಸಂಜೆಗೆ ಇಳಿಯಿತು. ಆದ್ದರಿಂದ ಸರಕು ಬೇಗ ಮುಗಿಯುತ್ತದೆ ಎಂದು, ಬಡಿಸುವವರು ತಡಮಾಡುತ್ತಾರೆ ಎಂದು ಅಂಕ ಕಳೆಯುವುದು ನನಗೆ ಸರಿ ತೋರಲಿಲ್ಲ.

ಆ ಬೀದಿಯ ಇಂಥ ಅಂಗಡಿಗೆ ಹೋಗುವುದಾದರೆ ಶನಿವಾರ ಬೆಳಗ್ಗೆ ಹತ್ತರೊಳಗೆ ಹೋಗಿ. ಹೊರಡುವ ಮುನ್ನ ಫೋನ್ ಮಾಡಿ ತೆರೆದಿದೆಯೇ ಎಂದು ಕೇಳಿಕೊಳ್ಳಿ. 26ನೇ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಅಡ್ಡರಸ್ತೆಗಳಲ್ಲಿ ಸಿಗುತ್ತದೆ. ಒಳಗೆ ಯಾರ ಫೋಟೊವನ್ನೂ ತೆಗೆಯಬೇಡಿ. ಒಂದು ಪೌಂಡ್ ಸುರ್ತೀದಾ ಮೂವರಿಗೆ ಧಾರಾಳವಾಗಿ ಸಾಕು, ಟೋರ್ಟಿಯಾ ಪೊಟ್ಟಣಕ್ಕೆ ಬೇರೆ ಹಣ ಕೊಡಬೇಕು.